ನೋಡಿದವರು: ಆಶಾರಾಣಿ

ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಬರುವ ಬಸ್ಸಿನ ಹೆಸರು, ಬಣ್ಣ, ಅದು ತಿರುಗುವ ದಾರಿ, ನನ್ನದೊಂದು ಬಿಟ್ಟು ಉಳಿದವರ ಹೆಸರು, ಎಲ್ಲವನ್ನೂ ಬದಲಿಸಿದ್ದೇನೆ. ಹುಡುಕಿಕೊಂಡು ಹೊರಟರೆ ನಿಮಗೆ ಸಿಗುವುದು ಬೇರೆ ಯಾವುದೋ ಬಸ್ಸು, ಬೇರೆ ಯಾರೋ ಡ್ರೈವರ್. ಪಾಪ, ಅವರಿಗೆ ಸುಮ್ಮನೆ ಕಿರಿಕಿರಿ ಕೊಡಬೇಡಿ. ಮಡಿಕೇರಿಯ ಶಾಲೆಯಲ್ಲಿ ಅರ್ಧ ಆಯುಷ್ಯ ಕನ್ನಡ ಕಲಿಸಿದ ನಾನು, ಮನೋರಮಾ ಟೀಚರ್, ಹೀಗೆ ಹೆಸರು ತಿರುಚಿ ಬರೆಯುವವಳು ಎಂದು ಹಿಂದೆ ಯಾರಾದರೂ ಹೇಳಿದ್ದರೆ ಅವರ ಕಿವಿ ಹಿಂಡುತ್ತಿದ್ದೆ. ಏನು ಮಾಡುವುದು, ಬರೆಯದೆ ಇರಲೂ ಆಗುತ್ತಿಲ್ಲ.

ಬಸ್ಸಿಗೂ ಅಭಿಮಾನಿಗಳಿರುತ್ತಾರೆ ಎಂದು ನನಗೆ ಗೊತ್ತಾದದ್ದೇ ನಿವೃತ್ತಿಯ ನಂತರ. ಖಾಸಗಿ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪಿಗೆ ಬಿಪಿ ಮಾತ್ರೆ ತರಲು ಹೋಗುತ್ತಿದ್ದೆ. ಕೌಂಟರಿನಲ್ಲಿ ಆಶಾರಾಣಿ ಇರುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ತೆಳ್ಳಗೆ, ಕಪ್ಪು ಫ್ರೇಮಿನ ಕನ್ನಡಕ. ಒಂದು ದಿನ ಮಾತ್ರೆ ಕೊಡುತ್ತಾ, "ಟೀಚರ್, ಒಂದು ಸಹಾಯ ಮಾಡ್ತೀರಾ? ಎಂತ ಅಂದ್ರೆ, ನಾನೊಂದಿಷ್ಟು ಬರ್ದಿದ್ದೇನೆ, ಕನ್ನಡ ಸರಿ ಉಂಟಾ ನೋಡ್ಬೇಕಿತ್ತು" ಎಂದಳು. ಕವಿತೆ ಇರಬಹುದು, ತಪ್ಪಿಸಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಲೇ ಫೋನ್ ಇಸಿದುಕೊಂಡೆ. ನೋಡಿದರೆ ಬಸ್ಸು! ಹುದಿಕೇರಿಯಿಂದ ಹೊರಡುವ ಬಸ್ಸು ಅಮ್ಮತ್ತಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಅದರ ಬಾಡಿ ಎಲ್ಲಿ ಕಟ್ಟಿದ್ದು, ಮೊದಲು ಯಾವ ರೂಟಿನಲ್ಲಿ ಓಡುತ್ತಿತ್ತು, ಮುಂದಿನ ಗಾಜಿನ ಮೇಲೆ ಯಾವ ದೇವರ ಹೆಸರಿದೆ, ಎಲ್ಲ.

ಕೊಡಗಿನ ಖಾಸಗಿ ಬಸ್ಸುಗಳ ಅಭಿಮಾನಿಗಳು ಕೂಡಿ ಮಾಡಿದ ವಿಕಿ ಅದು. ಬಸ್ಸಿಗೊಂದು ಪುಟ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅಮ್ಮತ್ತಿಯಿಂದ ಮಡಿಕೇರಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವ ಆಶಾ ಅದರ ಮೇಲ್ವಿಚಾರಕಿ. ಅವಳ ತಾಯಿ ವಿಮಲಮ್ಮ ಒಮ್ಮೆ ನನ್ನ ಹತ್ತಿರ, "ನಮ್ಮನೇಲಿ ಬಸ್ಸಿಗೆಲ್ಲ ಜಾತಕ ಉಂಟು ಟೀಚರ್, ಇವಳದ್ದೇ ಯಾರಿಗೂ ಕೂಡಿ ಬರ್ಲಿಲ್ಲ" ಎಂದು ನಕ್ಕಿದ್ದರು. ಆಶಾ ಆ ಮಾತಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಆಗ ಅವಳು ಯಾವುದೋ ಬಸ್ಸಿನ ಹಾರ್ನ್ ಬದಲಾಗಿದೆ ಎಂಬ ಚಿಂತೆಯಲ್ಲಿದ್ದಳು.

ಆ ವಿಕಿಗೆ 'ಬರೆಯುವ ಕ್ರಮ' ಎಂಬ ಒಂದು ಪುಟವಿತ್ತು. ಪೂರಾ ಆಶಾಳೇ ಬರೆದದ್ದು. ಅಯ್ಯಬ್ಬಾ, ಎಷ್ಟು ಕಟ್ಟುನಿಟ್ಟು! ಬಸ್ಸನ್ನು ಹುಲಿ, ರಾಜ, ಸುಂದರಿ ಎನ್ನಬೇಡಿ, ಬಣ್ಣ ಹೇಳಿ ಸಾಕು. ಡ್ರೈವರ್, ಕಂಡಕ್ಟರ್ ಹೆಸರನ್ನು ಅವರನ್ನು ಕೇಳಿಯೇ ಹಾಕಿ. ಜಾತಿ, ಮನೆ, ಕುಡಿತದ ಮಾತು ಬೇಡ. ಪ್ರಯಾಣಿಕರ ಮುಖ, ಮನೆ ಕಾಣುವ ಫೋಟೋ ಬೇಡ. ಅಪಘಾತವಾದರೆ ಆದದ್ದನ್ನು ಬರೆಯಿರಿ, ತಪ್ಪು ಯಾರದ್ದೆಂದು ತೀರ್ಪು ಕೊಡಬೇಡಿ. ಬೋರ್ಡಿನ ಸಮಯವಲ್ಲ, ಬಸ್ಸು ನಿಜವಾಗಿ ಬರುವ ಸಮಯ ಹಾಕಿ. ವ್ಯತ್ಯಾಸ ಇದ್ದರೆ ಕಾರಣ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣಾರೆ ನೋಡಿದ್ದನ್ನೇ ಬರೆಯಿರಿ, ಬರೆದದ್ದರ ಕೆಳಗೆ 'ನೋಡಿದವರು' ಎಂದು ನಿಮ್ಮ ಹೆಸರು ಹಾಕಿ. ನಾನು ಅವುಗಳ ವಾಕ್ಯ ತಿದ್ದಿಕೊಟ್ಟೆ, ಜಗಳವನ್ನೂ ಆಡಿದೆ. ಸುಂದರಿ ಎಂದರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ. ಅವಳು ಜಗ್ಗಲಿಲ್ಲ. ಕೊನೆಗೆ ನನ್ನನ್ನೂ ಮೇಲ್ವಿಚಾರಕಿ ಮಾಡಿ, ಪುಟ ತೆಗೆಯುವ, ಜನರನ್ನು ಹೊರಗಿಡುವ ಅಧಿಕಾರ ಕೊಟ್ಟಳು. ಅದು ಇದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಕಷ್ಟ ಶುರುವಾದದ್ದು 'ಚನ್ನಶ್ರೀ' ಬಸ್ಸಿನ ಪುಟದಿಂದ. ಬೆಳಿಗ್ಗೆ ಹುದಿಕೇರಿಯಿಂದ ಹೊರಟು ಅಮ್ಮತ್ತಿ, ಸಿದ್ದಾಪುರ ದಾಟಿ ಮಡಿಕೇರಿಗೆ ಬರುವ ಬಸ್ಸು. ಆಶಾ ದಿನಾ ಬರುವುದು ಅದರಲ್ಲೇ. ಮಾಲೀಕ ಮಹದೇವಪ್ಪ ಶನಿವಾರಸಂತೆ ಕಡೆಯವರು, ಡ್ರೈವರ್ ಶಶಿಕುಮಾರ್. ಸಿದ್ದಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಕಿಟ್ಟು ಎಂಬ ಸದಸ್ಯ, ಈ ಬಸ್ಸು ಮಂಗಳವಾರ, ಶುಕ್ರವಾರ ಸಿದ್ದಾಪುರಕ್ಕೆ ತಡವಾಗಿ ಬರುತ್ತದೆ ಎಂದು ಪುಟದಲ್ಲಿ ಹಾಕಿದ. ಹಾಕಿದ್ದು ಸರಿಯೇ. ಕಾರಣ ಏನೆಂದು ಉಳಿದವರು ಕೇಳಿದರು. ಒಬ್ಬ, ಡ್ರೈವರ್ ಎಲ್ಲೋ ಚಾ ಕುಡಿಯುತ್ತಾ ಕೂರುತ್ತಾನೆ ಎಂದ. ಇನ್ನೊಬ್ಬ, ಅವನಿಗೆ ವಾರಕ್ಕೆರಡು ದಿನ ರಾತ್ರಿ ಕುಡಿದ ಅಮಲು ಇಳಿದಿರುವುದಿಲ್ಲ ಎಂದ. ಆಶಾಳ ಮೈ ಉರಿದು ಹೋಯಿತು. ಕೂತು ಬರೆದೇ ಬಿಟ್ಟಳು: 'ಮಂಗಳವಾರ ಮತ್ತು ಶುಕ್ರವಾರ ಈ ಬಸ್ಸು ಅಮ್ಮತ್ತಿ ದಾಟಿದ ಮೇಲೆ ಮುಖ್ಯರಸ್ತೆ ಬಿಟ್ಟು, ಎಸ್ಟೇಟಿನ ಒಳರಸ್ತೆಯಲ್ಲಿ ಕಾರ್ಮಿಕರ ಲೈನ್ ಮನೆಗಳವರೆಗೆ ಹೋಗಿ, ಆಸ್ಪತ್ರೆಗೆ ಹೋಗುವ ಒಬ್ಬ ರೋಗಿಯನ್ನು ಹತ್ತಿಸಿಕೊಂಡು ಬರುತ್ತದೆ. ತಡವಾಗುವುದು ಇದರಿಂದ. ನೋಡಿದವರು: ಆಶಾರಾಣಿ.' ಅದರ ಕೆಳಗೆ ತಾನು ನೋಡಿದ ತಾರೀಕುಗಳನ್ನೂ ಹಾಕಿದಳು.

ವಾಕ್ಯ ತಿದ್ದಿದ್ದು ನಾನೇ. ಒಂದು ಅಲ್ಪವಿರಾಮ ಸೇರಿಸಿ, ಚೆನ್ನಾಗಿದೆ ಎಂದೆ. ನಮ್ಮಿಬ್ಬರ ತಲೆಗೂ ಹೊಳೆಯದೇ ಹೋದದ್ದು ಇಷ್ಟೇ: ಬಸ್ಸಿನ ಪರ್ಮಿಟ್ಟಿನಲ್ಲಿ ಆ ಒಳರಸ್ತೆ ಇಲ್ಲ. ಶಶಿಕುಮಾರ್ ಮಾಡುತ್ತಿದ್ದದ್ದು ಕಾನೂನಿಗೆ ವಿರುದ್ಧ.

ಆ ರೋಗಿ ಕಾಳಮ್ಮ. ಲೈನಿನಲ್ಲಿರುವವಳು, ಮೊದಲು ಕಾಫಿ ಪಿಕ್ಕಿಂಗಿಗೆ ಹೋಗುತ್ತಿದ್ದಳು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಮಡಿಕೇರಿಯಲ್ಲಿ ಡಯಾಲಿಸಿಸ್. ಆ ಒಳರಸ್ತೆಯಲ್ಲಿ ಬೆಳಗಾಗುವಾಗ ಆನೆಗಳು ತೋಟದಿಂದ ಕಾಡಿಗೆ ದಾಟುತ್ತವೆ. ಹಿಂದಿನ ವರ್ಷ ಕೆಲಸಕ್ಕೆ ಹೊರಟಿದ್ದ ಒಬ್ಬರನ್ನು ಆನೆ ಅಲ್ಲೇ ತುಳಿದಿತ್ತು. ಆ ಹೊತ್ತಿಗೆ ಆಟೋದವರು ಬರುವುದಿಲ್ಲ, ಎಸ್ಟೇಟ್ ಜೀಪು ಹೊರಡುವುದು ಆಳುಗಳ ಹಾಜರಿ, ಅಂದರೆ ಮಸ್ಟರ್, ಮುಗಿದ ಮೇಲೆ. ಒಂದು ದಿನ ತಿರುವಿನಲ್ಲಿ ಆನೆ ನಿಂತಿದ್ದು, ಅತ್ತ ಕಡೆ ಕಾಳಮ್ಮ ತೋಟದ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದು ಕಂಡು, ಆನೆ ಹೋದ ಮೇಲೆ ಶಶಿಕುಮಾರ್ ಬಸ್ಸನ್ನು ಒಳಕ್ಕೆ ತಿರುಗಿಸಿದ್ದ. ಆಮೇಲೆ ಅದೇ ರೂಢಿಯಾಯಿತು. ಬಸ್ಸಿನಲ್ಲಿದ್ದ ಒಬ್ಬರೂ ತಕರಾರು ಮಾಡಲಿಲ್ಲ, ಹೊರಗೆ ಬಾಯಿ ಬಿಡಲೂ ಇಲ್ಲ. ಬಾಯಿ ಬಿಟ್ಟದ್ದು ಆ ಬಸ್ಸನ್ನು ಅತಿ ಹೆಚ್ಚು ಪ್ರೀತಿಸುವವಳು.

ಚನ್ನಶ್ರೀಯ ಹಿಂದೆಯೇ ಇನ್ನೊಂದು ಕಂಪನಿಯ ಬಸ್ಸು ಬರುತ್ತದೆ. ಮುಂದಿನದು ತಡ ಮಾಡಿದರೆ ಹಿಂದಿನದರ ಜನರನ್ನೂ ಅದೇ ಬಾಚಿಕೊಳ್ಳುತ್ತದೆ; ಖಾಸಗಿ ಬಸ್ಸಿನವರ ಜಗಳವೆಲ್ಲ ಈ ನಿಮಿಷಗಳದ್ದೇ. ಅವರು ನಮ್ಮ ಪುಟವನ್ನು ಪ್ರಿಂಟ್ ತೆಗೆಸಿ, ಪರ್ಮಿಟ್ ಮೀರಿ ಓಡುತ್ತಿದೆ ಎಂದು ಸಾರಿಗೆ ಕಚೇರಿಗೆ ದೂರು ಕೊಟ್ಟರು.

ಸುದ್ದಿ ಹೊತ್ತು ಮಹದೇವಪ್ಪನವರೇ ಮೆಡಿಕಲ್ ಶಾಪಿಗೆ ಬಂದರು. ನಾನೂ ಅಲ್ಲೇ ಇದ್ದೆ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ನೋಟಿಸು. ಬೈಯುತ್ತಾರೆ ಎಂದುಕೊಂಡೆವು. ಬೈದಿದ್ದರೆ ಚೆನ್ನಾಗಿತ್ತು.

"ತಾಯಿ, ನಿಮ್ಮೇಲೆ ಕ್ವಾಪ ಮಾಡ್ಕೊಂಡ್ ಬಂದಿಲ್ಲ ನಾನು" ಎಂದರು. "ನಮ್ಮವ್ವ ಚನ್ನಬಸಮ್ಮನ ಹೆಸ್ರಿಟ್ಟಿರೋ ಗಾಡಿ ಅದು. ಅದ್ರ ಬಗ್ಗೆ ಇಷ್ಟ್ ಚೆನ್ನಾಗ್ ಬರ್ದೋರು ನೀವೊಬ್ರೇ. ಅದೇ ಈಗ ಕುತ್ತಿಗೆಗೆ ಬಂದದೆ ನೋಡಿ."

ಆಶಾಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಹೌದು ಅಂತ ಆದ್ರೆ ಎಂತ ಮಾಡ್ತಾರೆ?" ಎಂದು ಕೇಳಿದಳು.

"ಫೈನ್ ಹಾಕ್ತಾರೆ, ಕಟ್ತೀನಿ. ಪರ್ಮಿಟ್ ಒಂದಷ್ಟ್ ದಿನ ಸಸ್ಪೆಂಡ್ ಮಾಡ್ತಾರೆ, ತಡ್ಕತೀನಿ. ಆದ್ರೆ ಆಮೇಲೆ ಗಾಡಿ ಒಳಕ್ಕೆ ತಿರುಗಿಸಂಗಿಲ್ಲ. ಇನ್ನೊಂದ್ಸಲ ಸಿಕ್ಕಾಕಂಡ್ರೆ ಪರ್ಮಿಟ್ಟೇ ಹೋಯ್ತದೆ. ಆಗ ಆ ಯಮ್ಮ ಏನ್ ಮಾಡ್ಬೇಕು ಯೋಳಿ?"

ಅನುಮತಿ ಕೇಳಬಹುದಲ್ಲ ಎಂದು ನಾನು ಬಾಯಿ ಹಾಕಿದೆ. ಟೀಚರ್ ಬುದ್ಧಿ. ಎರಡು ಸಲ ಅರ್ಜಿ ಹಾಕಿ ಆಗಿದೆಯಂತೆ. ಅದು ಎಸ್ಟೇಟಿನ ಸ್ವಂತ ರಸ್ತೆ, ಸರ್ಕಾರದ್ದಲ್ಲ. ಅದರಲ್ಲಿ ರೂಟ್ ಕೊಡಲು ಬರುವುದಿಲ್ಲ ಎಂದು ತಿರುಗಿ ಬಂದಿತ್ತು.

ಅವರು ಹೋದ ಮೇಲೆ ಆಶಾ ಒಂದು ಗ್ಲಾಸ್ ನೀರನ್ನು ಕೈಯಲ್ಲಿ ಹಿಡಿದುಕೊಂಡು ಕುಡಿಯದೇ ನಿಂತಿದ್ದಳು. "ಆ ಸಾಲು ಅಳಿಸಿ ಬಿಸಾಕು ಮಾರಾಯ್ತಿ" ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ವಿಕಿಯಲ್ಲಿ ಅಳಿಸಿದ್ದೂ ಉಳಿಯುತ್ತದೆ. ಯಾರು, ಯಾವಾಗ, ಏನು ತೆಗೆದರು ಎಂದು ಎಲ್ಲರಿಗೂ ಕಾಣುತ್ತದೆ. "ಈಗ ಅಳಿಸಿದ್ರೆ, ನಿಜ ಅಂತ ನಾವೇ ಸಹಿ ಹಾಕಿ ಕೊಟ್ಟ ಹಾಗೆ ಟೀಚರ್."

ಅಂದಿನಿಂದ ನಮ್ಮ ನೆಮ್ಮದಿ ಹಾಳಾಯಿತು. ಮಂಗಳವಾರ, ಶುಕ್ರವಾರ ಬೆಳಗಾದರೆ ನನಗೆ ಎದೆ ಡವಡವ. ಬಸ್ಸು ಸಿದ್ದಾಪುರ ದಾಟಿದ ಮೇಲೆ ಆಶಾ ಫೋನ್ ಮಾಡುತ್ತಿದ್ದಳು. ಹಲೋ ಕೂಡ ಹೇಳದೆ ನಾನು, "ಜೀಪು ಇತ್ತಾ?" ಎಂದು ಕೇಳುತ್ತಿದ್ದೆ. ಇನ್ಸ್‌ಪೆಕ್ಟರ್ ಜೀಪು ತಿರುವಿನಲ್ಲಿ ಕಾದು ನಿಂತರೆ ಅಲ್ಲಿಗೆ ಮುಗಿಯಿತು. "ಇಲ್ಲ ಟೀಚರ್" ಎಂದಾಗ ಉಸಿರು ಬರುತ್ತಿತ್ತು. ಶಶಿಕುಮಾರನಿಗೆ ಎರಡು ವಾರ ಒಳಗೆ ಹೋಗಬೇಡ ಎಂದು ಆಶಾ ಬೇಡಿಕೊಂಡಳಂತೆ. "ಎರಡು ವಾರ ನೀರು ತೆಗೀದೆ ಅವ್ರು ಬದುಕ್ತಾರಾ ಅಕ್ಕಾ? ನಿಮ್ಗೆ ಗೊತ್ತುಂಟಲ್ಲ, ಮೆಡಿಕಲ್ಲಿನವ್ರು" ಎಂದು ಅವನು ಗೇರ್ ಹಾಕಿದನಂತೆ. ಅವನಿಗೂ ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ನಾನೂ ಒಂದು ದಿನ ಆ ಬಸ್ಸಿನಲ್ಲಿ ಬರುತ್ತೇನೆ, ಏನಾಗುತ್ತದೋ ನೋಡೋಣ ಎಂದೆ. ಆಶಾ ಹೌಹಾರಿದಳು. "ಬೇಡ ಟೀಚರ್, ನೀವು ನೋಡ್ಲೇ ಬಾರ್ದು. ನೋಡಿದ್ರೆ ನಾಳೆ ನಿಮ್ಮನ್ನೂ ಕರೀತಾರೆ. ನಿಮ್ಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ." ಆ ಕೊನೆಯ ಮಾತು ನನ್ನ ಕಿವಿಗೆ ಬಿದ್ದಿತ್ತು. ಅದರ ಹಿಂದೆ ಏನಿದೆ ಎಂದು ಆಗ ಕೇಳಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಕಾಳಮ್ಮ ಡಯಾಲಿಸಿಸ್ ಮುಗಿಸಿ ಮಾತ್ರೆಗಾಗಿ ಅಂಗಡಿಗೆ ಬಂದಿದ್ದಳು. ನಾನು ಅವಳನ್ನು ಕಂಡದ್ದು ಅದೊಂದೇ ಸಲ. ಎಡಗೈಗೆ ಬಟ್ಟೆ ಸುತ್ತಿತ್ತು, ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಕಚ್ಚಿಕೊಂಡಿತ್ತು. ಲೈನಿನಲ್ಲಿ ಯಾರೋ ನೋಟಿಸಿನ ಸುದ್ದಿ ಹೇಳಿಬಿಟ್ಟಿದ್ದರು.

"ಅವ್ವಾ, ನನ್ ದೆಸೆಯಿಂದ ಬಸ್ನವ್ರಿಗೆ ತೊಂದ್ರೆ ಬ್ಯಾಡ" ಎಂದಳು ಕೌಂಟರಿಗೆ ಒರಗಿಕೊಂಡು. "ನಾನು ರೋಡ್‌ಗಂಟ ನಡ್ಕಂಡೇ ಬತ್ತೀನಿ. ಮೊದ್ಲು ಬತ್ತಿರ್ನಿಲ್ವಾ? ಆನೆ ಬಂದ್ರೆ ಮರದ್ ಮರೆಲಿ ನಿಂತ್ಕತೀನಿ."

ಆಶಾ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನೀವು ಎಂತದೂ ಯೋಚ್ನೆ ಮಾಡ್ಬೇಡಿ ಕಾಳಮ್ಮ. ಬಸ್ಸು ಬರ್ತದೆ" ಎಂದಳು. ಮರದ ಮರೆಯಂತೆ! ಎರಡು ಹೆಜ್ಜೆ ಇಟ್ಟರೆ ಏದುಸಿರು ಬಿಡುವವಳು ಆನೆಯ ಮುಂದೆ ಎಲ್ಲಿಗೆ ಓಡಿಯಾಳು?

ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದದ್ದು ಒಂದು ಸೋಮವಾರ. ಅಂದು ಬಸ್ಸು ಒಳಗೆ ಹೋಗುವ ದಿನವಲ್ಲ. ಏನೂ ಕಂಡಿಲ್ಲ ಎಂದು ವರದಿ ಹೋಯಿತು. ನಾವು ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ದೂರು ಕೊಟ್ಟವರ ವಕೀಲರು, ಪುಟ ಬರೆದವರನ್ನೇ ವಿಚಾರಣೆಗೆ ಕರೆಸಿ ಎಂದು ಕೇಳಿದರು. ಬಸ್ಸಿನಲ್ಲಿ ಬರುವ ಒಬ್ಬರೂ ಅವರಿಗೆ ಸಾಕ್ಷಿ ಹೇಳಲು ಒಪ್ಪಿರಲಿಲ್ಲ. ಈಗ ಉಳಿದದ್ದು ಒಂದೇ ಸಾಕ್ಷಿ. ನೋಡಿದವರು: ಆಶಾರಾಣಿ.

ವಿಚಾರಣೆಯ ಹಿಂದಿನ ದಿನ ಸಂಜೆ ಅವಳು ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. "ಟೀಚರ್, ನಾನು ನೋಡ್ಲಿಲ್ಲ ಅಂತ ಹೇಳ್ತೇನೆ" ಎಂದಳು.

"ಏನು?"

"ಕಟ್ಟಿ ಬರ್ದದ್ದು ಅಂತ ಹೇಳ್ತೇನೆ. ಬೇರೆ ದಾರಿ ಇಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಅಧಿಕಾರಿಯ ಮುಂದೆ ಸುಳ್ಳು ಹೇಳುತ್ತೀಯಾ, ತಲೆ ಕೆಟ್ಟಿದೆಯಾ, ಸಿಕ್ಕಿಬಿದ್ದರೆ ನಿನ್ನ ಕೆಲಸದ ಗತಿ ಏನು ಎಂದು ಕೂಗಾಡಿದೆ. ಆಮೇಲೆ, "ಇನ್ನೊಂದುಂಟು ಟೀಚರ್. ಅದು ನೀವು ಮಾಡ್ಬೇಕು" ಎಂದಳು.

'ಬರೆಯುವ ಕ್ರಮ'ದ ಕಡೆಯಲ್ಲಿ ಒಂದು ಮಾತಿದೆ. ಕಟ್ಟುಕಥೆ ಬರೆದರೆಂದು ಖಚಿತವಾದರೆ ಆ ಸದಸ್ಯರನ್ನು ಹೊರಗಿಡಬೇಕು; ಅವರೊಬ್ಬರೇ ನೋಡಿದ್ದೆಂದು ಇರುವ ಎಲ್ಲ ಬರಹವನ್ನೂ ತೆಗೆಯಬೇಕು. ಒಂದು ಕಡೆ ಸುಳ್ಳು ಹೇಳಿದವರು ಇನ್ನೊಂದು ಕಡೆ ನಿಜ ಹೇಳಿದ್ದಾರೆಂದು ಓದುವವರು ನಂಬುವುದು ಹೇಗೆ ಎಂಬುದು ಅವಳದೇ ವಾದ.

"ನಾನು ಸುಳ್ಳು ಬರ್ದೆ ಅಂತ ಅಲ್ಲಿ ಹೇಳಿ, ಇಲ್ಲಿ ಮೇಲ್ವಿಚಾರಕಿ ಆಗಿಯೇ ಇದ್ರೆ ಆ ವಕೀಲರು ಬಿಡ್ತಾರಾ? ದಿನಾ ನಮ್ಮ ಪುಟ ನೋಡ್ತಾ ಇದ್ದಾರೆ ಅವರು. ಕ್ರಮದ ಪ್ರಕಾರ ಎಲ್ಲ ಆಗ್ಬೇಕು. ಆಗ ಮಾತ್ರ ನಂಬ್ತಾರೆ."

"ಅಷ್ಟೂ ಹೋಗುತ್ತಲ್ಲೇ ಆಶಾ" ಎಂದೆ. ಅಮ್ಮತ್ತಿಯಲ್ಲಿ, ಗೋಣಿಕೊಪ್ಪದಲ್ಲಿ, ಕುಶಾಲನಗರದ ನಿಲ್ದಾಣದಲ್ಲಿ, ರಜೆಯ ದಿನ ಬುತ್ತಿ ಕಟ್ಟಿಕೊಂಡು ಹಾರಂಗಿಯ ರಸ್ತೆ ಬದಿಯಲ್ಲಿ, ಬಿಸಿಲು ಮಳೆ ಅನ್ನದೆ ನಿಂತು ನೋಡಿ ಬರೆದದ್ದು. ನಿಂತು ಹೋದ ಬಸ್ಸುಗಳು, ಗುಜರಿಗೆ ಹೋದ ಬಸ್ಸುಗಳು, ತೀರಿಕೊಂಡ ಡ್ರೈವರುಗಳು. ಅವುಗಳನ್ನು ಮತ್ತೆ ಹೋಗಿ ನೋಡಲು ಯಾರಿಗೂ ಸಾಧ್ಯವಿಲ್ಲ.

"ಹೋಗ್ತದೆ" ಎಂದಳು. ಆಗ ಅತ್ತಳು. ಸದ್ದು ಮಾಡಿಯೇ ಅತ್ತಳು, ಮುಖ ಮುಚ್ಚಿಕೊಳ್ಳಲೂ ಇಲ್ಲ.

ಮರುದಿನ ಸಾರಿಗೆ ಕಚೇರಿಯ ಬೆಂಚಿನ ಮೇಲೆ ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಬಿಪಿ ಮಾತ್ರೆ ನುಂಗಿ ಹೋಗಿದ್ದರೂ ತಲೆ ಧಿಮ್ಮೆನ್ನುತ್ತಿತ್ತು. ಎದುರಿನ ಗೋಡೆಗೆ ಒರಗಿ ಮಹದೇವಪ್ಪ, ಅವರ ಹಿಂದೆ ಶಶಿಕುಮಾರ್ ನಿಂತಿದ್ದರು. ಆಶಾ ಏನು ಹೇಳುತ್ತಾಳೆಂದು ಅವರಿಗೂ ಗೊತ್ತಿರಲಿಲ್ಲ. ಒಳಗೆ ಕರೆದಾಗ ಅವಳ ಸೆರಗು ಬೆಂಚಿನ ಮೊಳೆಗೆ ಸಿಕ್ಕಿತು. ಬಿಡಿಸಲು ನನಗೂ ಆಗಲಿಲ್ಲ, ಅವಳಿಗೂ ಆಗಲಿಲ್ಲ, ಕೊನೆಗೆ ಎಳೆದುಕೊಂಡೇ ಹೋದಳು, ನಾನೂ ಹಿಂದೆಯೇ ಒಳಗೆ ಹೋದೆ.

ಅಧಿಕಾರಿ ಒಳ್ಳೆಯ ಮನುಷ್ಯ. ಕೂರಲು ಹೇಳಿದರು. ಪ್ರಿಂಟ್ ಮಾಡಿದ ಹಾಳೆ ತೋರಿಸಿ, "ಇದನ್ನ ಬರೆದಿದ್ದು ನೀವೇನಾ?" ಎಂದು ಕೇಳಿದರು.

"ಹೌದು ಸಾರ್."

"ನೋಡಿದವರು ಆಶಾರಾಣಿ ಅಂತಿದೆ. ನೋಡಿದ್ದೀರಾ?"

ಅವಳು ಹಾಳೆಯನ್ನೇ ನೋಡುತ್ತಾ ಕೂತಳು. ಎಷ್ಟು ಹೊತ್ತು ನೋಡಿದಳೆಂದರೆ, ಇವಳಿಂದ ಆಗುವುದಿಲ್ಲ, ನಿಜವನ್ನೇ ಹೇಳಿಬಿಡುತ್ತಾಳೆ ಎಂದು ನನಗನ್ನಿಸಿತು. ಹೇಳಿಬಿಡಲಿ ಎಂದೂ ಅನ್ನಿಸಿತು, ಬೇಡವೆಂದೂ ಅನ್ನಿಸಿತು.

"ಇಲ್ಲ ಸಾರ್" ಎಂದಳು. "ಕಟ್ಟಿ ಬರ್ದದ್ದು."

ಆ ಕಡೆಯ ವಕೀಲರು ಎದ್ದು ನಿಂತರು. "ಏನಮ್ಮಾ, ತಾರೀಕು ಸಮೇತ ಹಾಕಿದ್ದೀರಲ್ಲ? ಅದೂ ಕಟ್ಟಿದ್ದಾ?"

"ತಾರೀಕು ಹಾಕಿದ್ರೆ ನಿಜ ಅಂತ ಕಾಣ್ತದಲ್ಲ ಸಾರ್. ಅದಕ್ಕೆ ಹಾಕಿದ್ದು. ಡ್ರೈವರಿಗೆ ಬೈತಾ ಇದ್ರು, ಅವರನ್ನು ಒಳ್ಳೆಯವರು ಮಾಡುವ ಅಂತ."

"ಇದೇ ಜಾಲತಾಣದಲ್ಲಿ, ನೋಡಿದ್ದನ್ನೇ ಬರೆಯಬೇಕು ಅಂತ ದೊಡ್ಡದಾಗಿ ಬರೆದಿದೆ. ಅದನ್ನ ಬರೆದಿದ್ದು ಯಾರು?"

"ಅದೂ ನಾನೇ ಸಾರ್."

ಯಾರೋ ನಕ್ಕರು. ಗುಮಾಸ್ತನೋ, ಆ ಕಡೆಯವರೋ ಗೊತ್ತಿಲ್ಲ. ಅಧಿಕಾರಿ ಹಾಳೆ ಕೆಳಗಿಟ್ಟರು. "ಹಾಗಾದ್ರೆ ಉಳಿದ ಪುಟಗಳೂ ಹೀಗೇನಾ?" ಎಂದು ಕೇಳಿದರು.

"ಅಭಿಮಾನಿಗಳ ಪುಟ ಸಾರ್ ಅದು. ಯಾರು ಎಂತ ಬೇಕಾದ್ರೂ ಬರೀತಾರೆ. ಅದನ್ನೆಲ್ಲ ಯಾರು ನಂಬ್ತಾರೆ?"

ಪಕ್ಕದಲ್ಲಿ ಕೂತಿದ್ದ ನನಗೆ ಕಪಾಳಕ್ಕೆ ಬಿದ್ದಂತಾಯಿತು. ಸುಂದರಿ ಎಂಬ ಒಂದು ಪದಕ್ಕಾಗಿ ನನ್ನ ಜೊತೆ ವಾರಗಟ್ಟಲೆ ಜಗಳವಾಡಿದ ಹುಡುಗಿ ಇವಳು. ಅಧಿಕಾರಿ ಏನನ್ನೋ ಬರೆದುಕೊಂಡು, "ಕಥೆ ಬರೀಬೇಕು ಅನ್ನಿಸಿದ್ರೆ ಕಥೆ ಅಂತಾನೇ ಬರೀರಿ ಅಮ್ಮ. ನಿಮ್ಮ ಶೋಕಿಗೆ ಒಬ್ಬ ಡ್ರೈವರ್ ಕೆಲಸ ಹೋಗ್ತಿತ್ತು" ಎಂದರು. ಆಶಾ, "ತಪ್ಪಾಯ್ತು ಸಾರ್" ಎಂದು ಕೈ ಮುಗಿದಳು. ಆದೇಶವನ್ನು ಒಂದು ವಾರದಲ್ಲಿ ಕೊಡುವುದಾಗಿ ಹೇಳಿ ಕಳಿಸಿದರು. ಹೊರಗೆ ಬಂದಾಗ ಶಶಿಕುಮಾರ್ ಏನೋ ಹೇಳಲು ಬಂದ. ಅವಳು ತಲೆ ತಗ್ಗಿಸಿ ಗೇಟಿನ ಕಡೆ ನಡೆದುಬಿಟ್ಟಳು.

ವಿಕಿಯ ಗುಂಪಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಸಂಜೆಯೊಳಗೆ ಬೈಗುಳದ ಮಳೆ. ಇಷ್ಟು ವರ್ಷ ನಮಗೆಲ್ಲ ಪಾಠ ಹೇಳಿ ತಾನೇ ಸುಳ್ಳು ಬರೆಯುತ್ತಿದ್ದಳಾ ಎಂದರು. ಕಿಟ್ಟು ನನಗೇ ನೇರವಾಗಿ ಬರೆದ: 'ಟೀಚರ್, ಕ್ರಮ ಎಲ್ಲರಿಗೂ ಒಂದೇ ತಾನೆ?' ನಿಜ ಏನೆಂದು ಅವನಿಗೆ ಕೂಗಿ ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಮರುದಿನವೇ ವಕೀಲರ ಕಿವಿಗೆ. ನುಂಗಿಕೊಂಡೆ. ಅದರ ಕೆಳಗೆ ಆಶಾಳದೇ ಒಂದು ಸಾಲು ಬಂತು: 'ಕ್ರಮದ ಪ್ರಕಾರ ಮಾಡಿ.'

ಮಾಡಿದೆ. ಮೊದಲು ಚನ್ನಶ್ರೀಯ ಆ ಸಾಲು. ಆಮೇಲೆ ಒಂದೊಂದೇ ಪುಟ ತೆರೆದು, ಅವಳ ಹೆಸರೊಂದೇ ಇದ್ದ ಕಡೆಯಲ್ಲೆಲ್ಲ ಬರಹ ತೆಗೆದೆ. ಬೇರೆಯವರೂ ನೋಡಿದ್ದೆಂದು ಇದ್ದದ್ದು ಮಾತ್ರ ಉಳಿಯಿತು. ಕೆಲವು ಬಸ್ಸುಗಳ ಪುಟದಲ್ಲಿ ಹೆಸರು ಬಿಟ್ಟು ಬೇರೇನೂ ಉಳಿಯಲಿಲ್ಲ. ಮಧ್ಯೆ ಮಧ್ಯೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ. ಕೊನೆಗೆ ಅವಳ ಖಾತೆ ತೆರೆದೆ. 'ಈ ಸದಸ್ಯರನ್ನು ಶಾಶ್ವತವಾಗಿ ಹೊರಗಿಡಬೇಕೆ?' ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ. ಆಮೇಲೆ ಕಾರಣ ಕೇಳಿತು. 'ಕಟ್ಟುಕಥೆ' ಎಂದು ನನ್ನ ಕೈಯಾರೆ ಬರೆದೆ.

ಆ ವಾರ ಹೇಗೆ ಕಳೆಯಿತೋ ದೇವರೇ ಬಲ್ಲ. ವಕೀಲರು ಇನ್ನೇನು ತೆಗೆಯುತ್ತಾರೋ, ಬಸ್ಸಿನಲ್ಲಿ ಬರುವವರಲ್ಲಿ ಯಾರು ಬಾಯಿ ಬಿಡುತ್ತಾರೋ ಎಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫೋನ್ ಬಡಿದುಕೊಂಡರೆ ಬೆಚ್ಚಿ ಬೀಳುತ್ತಿದ್ದೆ. ಕೊನೆಗೆ ಮಹದೇವಪ್ಪನವರೇ ಫೋನ್ ಮಾಡಿ, ದೂರು ವಜಾ ಆಯಿತು ಎಂದರು. "ಆ ಮಗ್ಳಿಗೆ ಎಂಗ್ ಮಕ ತೋರ್ಸದು ಗೊತ್ತಾಗ್ತಿಲ್ಲ ಟೀಚರ್" ಎಂದವರೇ ಫೋನ್ ಇಟ್ಟುಬಿಟ್ಟರು.

ಆಶಾ ಈಗಲೂ ಅದೇ ಬಸ್ಸಿನಲ್ಲಿ ಬರುತ್ತಾಳೆ. ಮಾತ್ರೆ ತರಲು ಹೋದರೆ ಅದೂ ಇದೂ ಮಾತಾಡುತ್ತಾಳೆ, ವಿಕಿಯ ಸುದ್ದಿ ಎತ್ತುವುದಿಲ್ಲ. ನಾನೂ ಎತ್ತುತ್ತಿರಲಿಲ್ಲ. ಹೋದ ತಿಂಗಳು ಒಂದು ಸಂಜೆ ಅವಳೇ ಫೋನ್ ಮಾಡಿದಳು. ಹಿಂದೆ ಬಸ್ಸಿನ ಇಂಜಿನ್ ಸದ್ದು ಕೇಳುತ್ತಿತ್ತು.

"ಟೀಚರ್, ಸಂಜೆ ಚೆಟ್ಟಳ್ಳಿ ಮೇಲೆ ಹೋಗುವ ಬಸ್ಸುಂಟಲ್ಲ, ಅದರ ಟೈಮ್ ಬದಲಾಗಿದೆ. ಇಪ್ಪತ್ತು ನಿಮಿಷ ಮುಂಚೆ ಬರ್ತಾ ಉಂಟು ಈಗ. ನಮ್ಮ ಪುಟದಲ್ಲಿ ಹಳೇದೇ ಉಂಟು. ಇವತ್ತೊಬ್ಬರು ಅಜ್ಜಿ ಅದನ್ನು ನಂಬಿ ಬಂದು, ಬಸ್ಸು ತಪ್ಪಿ, ಅಳ್ತಾ ಕೂತಿದ್ರು. ನೀವು ಸ್ವಲ್ಪ ಸರಿ ಮಾಡ್ತೀರಾ?"

"ಈಗಲೇ ಮಾಡುತ್ತೇನೆ" ಎಂದು ಪುಟ ತೆರೆದೆ. ಹಳೆಯ ಸಮಯ ತೆಗೆದೆ, ಅವಳು ಹೇಳಿದ ಸಮಯ ಹಾಕಿದೆ. ಕೆಳಗಿನ ಖಾಲಿ ಜಾಗಕ್ಕೆ ಬಂದಾಗ ಕೈ ನಿಂತಿತು.

"ಆಶಾ, ನೋಡಿದವರು ಯಾರೆಂದು ಹಾಕಲಿ?"

ಉತ್ತರಕ್ಕೆ ಕಾಯದೆ ನಾನೇ, "ನನ್ನ ಹೆಸರು ಹಾಕಿಕೊಳ್ಳುತ್ತೇನೆ ಬಿಡು. ಯಾರಿಗೆ ಗೊತ್ತಾಗುತ್ತದೆ?" ಎಂದೆ.

"ನೀವು ನೋಡ್ಲಿಲ್ಲ ಅಲ್ವಾ ಟೀಚರ್" ಎಂದಳು. "ಹಾಗೆಲ್ಲ ಹಾಕ್ಬಾರ್ದು."